ನಿನ್ನ ಹೆಸರಿನಲ್ಲಿ ನಾನು ಮಲಗಿದ ಮಂಚ

ಲಕ್ಷ್ಮೇಶ್ವರ
೬ ಜನವರಿ ೨೦೨೫

ಹನುಮಕ್ಕಾ,

ಕಾಗದ ನೋಡಿ ಗಾಬರಿ ಆಗಬೇಡ, ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ಫೋನಿನಲ್ಲಿ ಹೇಳುವಂಥ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಫೋನು ಯಾವಾಗಲೂ ನಮ್ಮ ಯಜಮಾನರ ಅಂಗಿ ಕಿಸೆಯಲ್ಲಿ, ನಿನ್ನದು ನಿನ್ನ ಮೊಮ್ಮಗಳು ಶರಣ್ಯಾಳ ಕೈಯಲ್ಲಿ. ಹೋದ ಸಲ ನನ್ನ ಮೆಸೇಜನ್ನು ಅವಳು ಊಟದ ಹೊತ್ತಿನಲ್ಲಿ ಮನೆಮಂದಿಗೆಲ್ಲ ಓದಿ ಹೇಳಿದಳು ಅಂತ ನೀನೇ ನಕ್ಕಿದ್ದೆ. ಇದು ಹಾಗೆ ಓದಿಸಿಕೊಳ್ಳುವಂಥದ್ದಲ್ಲ.

ನಾವು ಕೆಂಗೇರಿಯಲ್ಲಿದ್ದಾಗ, ಗರ್ಭಚೀಲ ಜಾರಿದ್ದಕ್ಕೆ ನನಗೆ ಆಪರೇಷನ್ ಆಯಿತಲ್ಲ, ಆಗಿನ ಕಾಗದಪತ್ರ ನಿನ್ನ ಹತ್ತಿರ ಇದ್ದರೆ ಕಳಿಸುತ್ತೀಯಾ? ಹುಬ್ಬಳ್ಳಿಯ ಡಾಕ್ಟರಮ್ಮ ಕೇಳಿದ್ದಾರೆ. ಸುಮ್ಮನೆ ಒಂದು ಸಲ ತೋರಿಸಿಕೊಂಡು ಬರೋಣ ಅಂತ ಹೋಗಿದ್ದೆ. ಅವಸರ ಏನಿಲ್ಲ.

ಸಂಕ್ರಾಂತಿಗೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದೇನೆ, ನಿನ್ನ ಬೈಗುಳ ನೆನಪಾಗುತ್ತದೆ. ಬೆಳಗಿನ ಜಾವ ನನ್ನ ರೊಟ್ಟಿಯ ಸಪ್ಪಳಕ್ಕೆ ನಿಮ್ಮ ವಠಾರವೆಲ್ಲ ಎದ್ದು ಕೂರುತ್ತಿತ್ತು. ಇಲ್ಲಿ ಯಾರೂ ಬೈಯುವುದಿಲ್ಲ, ಎಲ್ಲರ ಮನೆಯಲ್ಲೂ ಅದೇ ಸಪ್ಪಳ. ಅದೇ ಬ್ಯಾಸರ ನೋಡು. ಈಗ ರೊಟ್ಟಿ, ಲಿಂಗಪೂಜೆ ಎಲ್ಲ ನಿಂತೇ ಮಾಡುತ್ತೇನೆ. ಸೊಸೆ ಎತ್ತರದ ಕಟ್ಟೆ ಕಟ್ಟಿಸಿದ್ದಾಳೆ, ಅನುಕೂಲ ಆಗಿದೆ.

ಕುಸುರೆಳ್ಳು ಕಳಿಸಿದ್ದೇನೆ. ಮಕ್ಕಳಿಗೆ ಕೊಡು.

ನಿನ್ನ
ದಾನಮ್ಮ


ಕೆಂಗೇರಿ ಉಪನಗರ
೧೭ ಜನವರಿ ೨೦೨೫

ದಾನಮ್ಮ,

ಕುಸುರೆಳ್ಳು ಬಂತು. ಅರ್ಧವನ್ನು ಪೋಸ್ಟಿನವರು ಪುಡಿ ಮಾಡಿದ್ದರು, ಉಳಿದರ್ಧ ಶರಣ್ಯಾ ಮುಗಿಸಿದಳು, ನನಗೆ ಸಿಕ್ಕಿದ್ದು ಡಬ್ಬಿ.

ಕಾಗದಪತ್ರ ಕೇಳಿದೆಯಲ್ಲ, ಓದಿ ಒಬ್ಬಳೇ ನಕ್ಕೆ ಕಣೇ. ಅದರ ಮೇಲಿದ್ದ ಹೆಸರು ನೆನಪಿದೆಯಾ? ‘ಹನುಮಕ್ಕ ಕೋಂ ಕೃಷ್ಣಪ್ಪ’. ಆಸ್ಪತ್ರೆಯಲ್ಲಿ ಇದ್ದಷ್ಟು ದಿನವೂ ನೀನು ನಾನಾಗಿದ್ದೆ. ನಿನ್ನ ಗಂಡ ಗೂಳಪ್ಪನವರ ಕಂಟ್ರಾಕ್ಟರ್ ಇಎಸ್‌ಐ ಕಟ್ಟಿರಲಿಲ್ಲ, ನೀನು ಅನ್ನಪೂರ್ಣೇಶ್ವರಿ ನಗರದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು ಹೊತ್ತು ಗರ್ಭಚೀಲ ಜಾರಿಸಿಕೊಂಡಿದ್ದೆ. ನನ್ನ ಡೈರಿ ಸೊಸೈಟಿಯ ಆರೋಗ್ಯ ಕಾರ್ಡು ಬೀರುವಿನಲ್ಲಿ ಸುಮ್ಮನೆ ಬಿದ್ದಿತ್ತು. ಸಕ್ಕರೆ, ಕಾಫಿಪುಡಿ, ಬಿಂದಿಗೆ, ಮದುವೆಗೆ ಉಡುವ ಸೀರೆ, ಎಲ್ಲವನ್ನೂ ಕೇಳಿ ಇಸಿದುಕೊಳ್ಳುತ್ತಿದ್ದ ವಠಾರದಲ್ಲಿ ಒಂದು ಕಾರ್ಡು ಯಾವ ಲೆಕ್ಕ? ಅದರ ಫೋಟೋದಲ್ಲಿ ಮುಖ ಎಷ್ಟು ಕಪ್ಪಗೆ ಬಂದಿತ್ತು ಅಂದರೆ, ಅದು ನಾನೋ ನೀನೋ ನಮ್ಮ ಎಮ್ಮೆಯೋ ಹೇಳುವ ಹಾಗಿರಲಿಲ್ಲ.

ಹಿತ್ತಲಿನಲ್ಲಿ ಕೂರಿಸಿಕೊಂಡು ನಿನಗೆ ಪಾಠ ಹೇಳಿದ್ದೆ. ಸೆರಗು ತಲೆ ಮೇಲೆ ಹೊದೆಯಬೇಡ. ‘ಏನ್ರೀ’ ಅನ್ನಬೇಡ. ಹನುಮಕ್ಕ ಅಂದರೆ ತಕ್ಷಣ ‘ಓ’ ಅನ್ನು. ಮೊದಲ ದಿನವೇ ನರ್ಸು ನೋವಿದೆಯಾ ಅಂದದ್ದಕ್ಕೆ ನೀನು, “ಭಾಳ ನೋಯಾಕತ್ತೇತ್ರೀ” ಅಂದುಬಿಟ್ಟೆ. ಅವಳು ಕಣ್ಣು ಕಿರಿದು ಮಾಡಿ, “ಯಾವೂರಮ್ಮ ನಿಮ್ದು?” ಅಂದಳು. ನೀನು ಗಾಬರಿಯಲ್ಲಿ, “ಕೆಂಗೇರಿ ಐತ್ರೀ ಕಣವ್ವಾ!” ನಾನು ಸೆರಗು ಬಾಯಿಗಿಟ್ಟುಕೊಂಡು ಆಚೆ ಓಡಿದೆ.

ನಮ್ಮೆಜಮಾನ್ರು ಗಂಡನ ಜಾಗದಲ್ಲಿ ಸಹಿ ಹಾಕುವಾಗ ತಮ್ಮ ಹೆಸರನ್ನೇ ತಪ್ಪು ಬರೆದರು. ನಮ್ಮ ಮದುವೆಯಲ್ಲೂ ಅಷ್ಟು ಹೆದರಿರಲಿಲ್ಲ. ನಿನ್ನ ನಿಜವಾದ ಗಂಡ ಕೆಳಗೆ ಬೆಂಚಿನ ಮೇಲೆ ನನ್ನಣ್ಣನಾಗಿ ಕೂತಿದ್ದರು. ಈಗ ನಮ್ಮೆಜಮಾನ್ರೂ ಇಲ್ಲ, ವಠಾರವೂ ಇಲ್ಲ. ಆ ಜಾಗದಲ್ಲಿ ಮಗ ಅರುಣ ಹುಡುಗರ ಪಿಜಿ ಕಟ್ಟಿಸಿದ್ದಾನೆ. ಆ ಕಡೆ ಹೋದಾಗ ನಿಮ್ಮ ಮನೆ ಬಾಗಿಲು ಎಲ್ಲಿತ್ತು ಅಂತ ಹುಡುಕುತ್ತೇನೆ, ಗೊತ್ತಾಗುವುದಿಲ್ಲ.

ನಿನ್ನನ್ನು ಒಳಗೆ ಕರೆದುಕೊಂಡು ಹೋಗುವಾಗ ಮೈಮೇಲೆ ಏನೂ ಇರಬಾರದು ಅಂದರು. ನೀನು ಕೊರಳಿನ ಲಿಂಗ ತೆಗೆದು ನನ್ನ ಕೈಗಿಟ್ಟೆ. ಮಾಂಸ ತಿನ್ನುವ ಕೈ ಕಣೇ ಅಂದೆ ನಾನು. “ನಿನ್ನ ಹೆಸರು ನಾ ಇಟ್ಕೊಂಡೀನಿ, ನನ್ನ ಲಿಂಗ ನೀ ಇಟ್ಕೋ” ಅಂದೆ ನೀನು. ಅದನ್ನು ತಿರುಗಿ ನಿನ್ನ ಕೊರಳಿಗೆ ಕಟ್ಟುವವರೆಗೆ ನಾನು ಮುಷ್ಟಿ ಬಿಚ್ಚಲಿಲ್ಲ. ನೀನು ಮನೆಗೆ ಬರುವವರೆಗೂ ನಮ್ಮ ಒಲೆಯ ಮೇಲೆ ಮೊಟ್ಟೆ ಕೂಡ ಬೇಯಲಿಲ್ಲ.

ಸಿಕ್ಕಿಬಿದ್ದರೆ ಕಷ್ಟ ಅಂತ ಆ ಕಾಗದಗಳನ್ನು ಹಂಡೆ ಒಲೆಗೆ ಹಾಕಿದೆ. ನಿನ್ನ ಸ್ನಾನದ ನೀರು ಕಾದದ್ದು ಅದರಲ್ಲೇ. ಡಾಕ್ಟರಮ್ಮನಿಗೆ ಕಳೆದುಹೋಯಿತು ಅಂತ ಹೇಳು.

ಅಂದಹಾಗೆ, ನಿಂತು ರೊಟ್ಟಿ ಬಡಿಯುವಷ್ಟು ದೊಡ್ಡ ಮನುಷ್ಯಳಾದೆಯಾ? ನೆಲದ ಮೇಲೆ ಕೂತರೆ ಸೀರೆ ಮಾಸುತ್ತದಾ?

ಹನುಮಕ್ಕ


ಲಕ್ಷ್ಮೇಶ್ವರ
೨೯ ಜನವರಿ ೨೦೨೫

ಹನುಮಕ್ಕಾ,

ನಿನ್ನ ಕಾಗದ ಎರಡು ಸಲ ಓದಿದೆ. ‘ಐತ್ರೀ ಕಣವ್ವಾ’ ಓದಿ ಜೋರಾಗಿ ನಕ್ಕೆ, ನಕ್ಕದ್ದಕ್ಕೆ ಆಮೇಲೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ನಿಂತೆ.

ಕಳೆದುಹೋಯಿತು ಅಂತ ಡಾಕ್ಟರಮ್ಮನಿಗೆ ಹೇಳಿದೆ. ಅವರು ಬಿಡಲಿಲ್ಲ. ಅಕ್ಕಾ, ಅಂದು ನನ್ನೊಳಗೆ ಒಂದು ಬಲೆ ಇಟ್ಟಿದ್ದಾರಂತೆ. ಮೆಶ್ ಅನ್ನುತ್ತಾರೆ. ಸೊಳ್ಳೆ ಪರದೆಯ ಚೂರಿನಂಥ ಪ್ಲಾಸ್ಟಿಕ್ಕು. ಜಾರಿದ್ದನ್ನು ಮೇಲೆತ್ತಿ ಕಟ್ಟುತ್ತೇವೆ ಅಂತ ಮಾತ್ರ ಆಗ ಹೇಳಿದ್ದರಲ್ಲ? ಯಾತರಿಂದ ಕಟ್ಟುತ್ತೀರಿ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಈಗ ಆ ಬಲೆ ಒಳಗಿನ ಚರ್ಮ ಕೊರೆದುಕೊಂಡು ಹೊರಗೆ ಬಂದಿದೆಯಂತೆ. ತೆಗೆಯಬೇಕು ಅನ್ನುತ್ತಾರೆ. ಆದರೆ, “ಅದು ಯಾವ ತರದ್ದು, ಎಲ್ಲೆಲ್ಲಿ ಹೊಲಿದಾರ ಅಂತ ಗೊತ್ತಿಲ್ಲದ ನಾ ಕೈ ಹಾಕೂದಿಲ್ಲವ್ವಾ. ಬೆಂಗಳೂರಿನ ಆಸ್ಪತ್ರಿಯಿಂದ ಬರಸ್ಕೊಂಡು ಬಾ” ಅಂದರು.

ನಾನು ಹೋಗಿ ದಾನಮ್ಮ ಅಂತ ಕೇಳಿದರೆ ಅಲ್ಲಿ ದಾನಮ್ಮ ಅನ್ನುವವಳೇ ಇಲ್ಲವಲ್ಲ.

ನೋವು ಬಹಳ ಏನಿಲ್ಲ. ಆಗಾಗ ಅಷ್ಟೆ. ನೀನು ಇದನ್ನೇ ತಲೆಗೆ ಹಚ್ಚಿಕೊಂಡು ಕೂರಬೇಡ.

ದಾನಮ್ಮ


ಕೆಂಗೇರಿ ಉಪನಗರ
೧೧ ಫೆಬ್ರವರಿ ೨೦೨೫

ದಾನಮ್ಮ,

ಹಚ್ಚಿಕೊಳ್ಳಬೇಡ ಅಂದರೆ ಕೇಳುವ ಹೆಂಗಸಾ ನಾನು? ಮಾರನೆಯ ದಿನವೇ ಮೆಟ್ರೋ ಹತ್ತಿ ವಿಜಯನಗರಕ್ಕೆ ಹೋದೆ. ನನ್ನ ತಮ್ಮನ ಮಗಳು ರಂಜಿನಿ ಅಲ್ಲಿ ವಕೀಲಿ ಮಾಡುತ್ತಾಳೆ. ಮನೆಯಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇನೆ ಅಂತ ಹೇಳಿದ್ದೆ.

ನಾನು ಎಷ್ಟು ಜಾಣೆ ಅಂದರೆ ದಾರಿಯಲ್ಲೇ ಎಲ್ಲ ಯೋಚನೆ ಮಾಡಿ ಮುಗಿಸಿದ್ದೆ. ಹೆಸರು ನನ್ನದೇ ಇರುವಾಗ ಕೇಸು ನಾನೇ ಹಾಕುತ್ತೇನೆ, ಪರಿಹಾರ ಬಂದರೆ ನಿನಗೆ ಕೊಡುತ್ತೇನೆ, ಅಷ್ಟೆ ತಾನೆ. ರಂಜಿನಿ ನನ್ನನ್ನು ನೋಡಿ ಪೆನ್ನು ಕೆಳಗಿಟ್ಟಳು. “ಅತ್ತೆ, ಡಾಕ್ಟರು ನಿಮ್ಮನ್ನ ಪರೀಕ್ಷೆ ಮಾಡಿದ್ರೆ ಮೆಶ್ ಎಲ್ಲಿಂದ ತಂದು ತೋರಿಸ್ತೀರಾ?” ಅಂದಳು. ನನಗೆ ಅದು ಹೊಳೆದೇ ಇರಲಿಲ್ಲ ಕಣೇ.

ಆಮೇಲೆ ಕಾಫಿ ತರಿಸಿ ನಿಧಾನವಾಗಿ ಹೇಳಿದಳು. “ಮೆಶ್ ಹಾಕ್ತೀವಿ, ಮುಂದೆ ಹಿಂಗೆಲ್ಲ ಆಗಬಹುದು ಅಂತ ಹೇಳ್ದೆ ಹಾಕಿದ್ರೆ ಅದೇ ದೊಡ್ಡ ತಪ್ಪು. ಗ್ರಾಹಕರ ಆಯೋಗಕ್ಕೆ ಹೋಗಬಹುದು. ಎರಡು ವರ್ಷದೊಳಗೆ ಹೋಗ್ಬೇಕು ಅಂತ ಇದೆ. ಅವರಿಗೆ ಈಗ ತಾನೆ ಗೊತ್ತಾಗಿರೋದು, ಇಲ್ಲಿಂದ ಎಣಿಸಿ ಅಂತ ವಾದ ಮಾಡೋಣ. ಆದ್ರೆ ಮೊದಲು ನೀವಿಬ್ರೂ ಪ್ರಮಾಣ ಮಾಡಿ ನಿಜ ಹೇಳ್ಬೇಕು, ಆ ಮಂಚದ ಮೇಲೆ ಮಲಗಿದ್ದೋರು ಯಾರು ಅಂತ. ಕಾರ್ಡು ಕೊಟ್ಟಿದ್ದಕ್ಕೆ ನಿಮ್ಮ ಮೇಲೂ ಬರುತ್ತೆ ಅತ್ತೆ. ಯೋಚನೆ ಮಾಡಿ.”

ಆಸ್ಪತ್ರೆಗೂ ಹೋದೆ. ಹಳೆಯದು ಇಲ್ಲ ಅಂದರು. ಹುಡುಕಿ ಕೊಡಿ ಅಂತ ರಂಜಿನಿ ನನ್ನ ಹೆಸರಿನಲ್ಲೇ ಅರ್ಜಿ ಬರೆದು ಕೊಟ್ಟಿದ್ದಾಳೆ. ಒಂದು ವಿಷಯ ಕೇಳುತ್ತೇನೆ, ನಿಜ ಹೇಳು. ನಿನ್ನ ಮೊದಲ ಕಾಗದ ತೆಗೆದು ಮತ್ತೆ ಓದಿದೆ. ಪೂಜೆ ನಿಂತು ಮಾಡುತ್ತೇನೆ ಅಂತ ಬರೆದಿದ್ದೀಯ. ಜ್ವರ ಬಂದಾಗಲೂ ಗೋಡೆಗೆ ಒರಗಿ ಚಕ್ಕಳಮಕ್ಕಳ ಕೂತು ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳುತ್ತಿದ್ದವಳು ನೀನು. ಅದು ಕಟ್ಟೆಯ ಅನುಕೂಲಕ್ಕಲ್ಲ, ಅಲ್ಲವಾ? ನನಗೆ ತಮಾಷೆ ಮಾಡುವ ಚಟ, ನಿನಗೆ ಮುಚ್ಚಿಡುವ ಚಟ.

ಕೂತುಕೊಳ್ಳಲು ಆಗುತ್ತಿದೆಯಾ ನಿನಗೆ?

ಹನುಮಕ್ಕ


ಲಕ್ಷ್ಮೇಶ್ವರ
೨೪ ಫೆಬ್ರವರಿ ೨೦೨೫

ಹನುಮಕ್ಕನವರಿಗೆ,

ನಾನು ಈಗ ಆರಾಮ ಇದ್ದೇನೆ. ಮುಲಾಮು ಕೊಟ್ಟಿದ್ದಾರೆ, ಹಚ್ಚಿಕೊಳ್ಳುತ್ತಿದ್ದೇನೆ. ಆಸ್ಪತ್ರೆ, ಕೇಸು ಯಾವುದೂ ಬೇಡ. ನಮ್ಮ ಯಜಮಾನರಿಗೂ ಮನಸ್ಸಿಲ್ಲ. ಕೋರ್ಟು ಕಚೇರಿ ತಿರುಗುವುದು ನಮ್ಮಂಥವರಿಗೆ ಆಗುವುದಿಲ್ಲ. ಅರ್ಜಿ ಕೊಟ್ಟಿದ್ದರೆ ವಾಪಸ್ ತೆಗೆದುಕೊಳ್ಳಿ.

ನಾಡಿದ್ದು ಶಿವರಾತ್ರಿ, ಕೆಲಸ ಬಹಳ ಇದೆ. ಇನ್ನು ಇದರ ಬಗ್ಗೆ ಬರೆಯಬೇಡಿ.

ದಾನಮ್ಮ


ಕೆಂಗೇರಿ ಉಪನಗರ
೧೯ ಮಾರ್ಚ್ ೨೦೨೫

ದಾನಮ್ಮ,

‘ಹನುಮಕ್ಕನವರಿಗೆ’ ಅಂತೆ! ‘ತೆಗೆದುಕೊಳ್ಳಿ’ ಅಂತೆ! ಅಷ್ಟು ವರ್ಷ ಒಂದೇ ನಲ್ಲಿಗೆ ಬಿಂದಿಗೆ ಇಟ್ಟು ಜಗಳವಾಡಿದವಳಿಗೆ ನಾನು ಈಗ ಬಹುವಚನ ಆದೆನಾ? ಆ ಕಾಗದ ಓದಿ ನನಗೆ ಎಷ್ಟು ಸಿಟ್ಟು ಬಂತು ಅಂದರೆ, ಹರಿದು ಹಾಕಬೇಕು ಅನ್ನಿಸಿತು. ಕೇಸಿನಲ್ಲಿ ತನ್ನ ಹೆಸರು ಬರುತ್ತದೆ ಅಂತ ಹೆದರಿದಳು, ನನ್ನನ್ನು ಕೈಬಿಟ್ಟಳು ಅಂದುಕೊಂಡೆ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ಮೊನ್ನೆ ಗೊತ್ತಾಯಿತು. ಅರುಣ ಗೂಳಪ್ಪನವರಿಗೆ ಫೋನು ಮಾಡಿದ್ದನಂತೆ. ಅವನೇ ಬಾಯಿ ಬಿಟ್ಟ. ನಮ್ಮ ಡೈರಿ ಸೊಸೈಟಿ ಅಧ್ಯಕ್ಷನಾಗಲು ಚುನಾವಣೆಗೆ ನಿಂತಿದ್ದ, ರಂಜಿನಿಯ ಅರ್ಜಿ ವಿಷಯ ಹೇಗೋ ಅವನ ಕಿವಿಗೆ ಬಿದ್ದಿದೆ. “ನಮ್ಮಮ್ಮ ಕಾರ್ಡು ಕೊಟ್ಟಿದ್ದು ಆಚೆ ಬಂದ್ರೆ ನನ್ನ ಮರ್ಯಾದೆ ಹೋಗುತ್ತೆ, ಅಮ್ಮನ್ನ ಸ್ಟೇಷನ್ನಿಗೆ ಎಳೀತಾರೆ. ದಾನತ್ತೆಗೆ ನೀವೇ ಹೇಳಿ” ಅಂತ ಅತ್ತಿದ್ದಾನೆ. ನಿನ್ನ ಕೈ ರೊಟ್ಟಿ ತಿಂದು ಬೆಳೆದವನು! ನೀನು ಅದನ್ನು ನನಗೆ ಒಂದು ಮಾತೂ ಹೇಳದೆ, ನನ್ನನ್ನು ಬಹುವಚನ ಮಾಡಿ ಬಿಟ್ಟೆ.

ಈಗ ನಾನು ಮಾಡಿದ್ದು ಕೇಳು. ನಿನ್ನ ಮೇಲೆ ಸಿಟ್ಟಿದ್ದಾಗಲೇ ಮಾಡಿದೆ. ಚುನಾವಣೆಗೆ ಮುಂಚೆಯೇ ಸೊಸೈಟಿಗೆ ಹೋಗಿ ಎಲ್ಲರ ಎದುರಿಗೆ ಹೇಳಿದೆ, ಆ ಆಪರೇಷನ್ ನನಗಲ್ಲ, ನಮ್ಮ ವಠಾರದ ದಾನಮ್ಮನಿಗೆ ಆದದ್ದು, ಕಾರ್ಡಿನಿಂದ ಹೋದದ್ದನ್ನು ಕಟ್ಟಿಕೊಡುತ್ತೇನೆ ಅಂತ. ಹಾಲು ಅಳೆಯುವ ಭೈರೇಶ ಕ್ಯಾನು ಹಾಗೇ ಹಿಡಿದು ನಿಂತುಬಿಟ್ಟ. ಅಲ್ಲಿದ್ದ ಒಬ್ಬ ಮುದುಕಿ ಮಾತ್ರ, “ಅಯ್ಯೋ, ನಾನೂ ನಮ್ಮ ನಾದ್ನಿಗೆ ಕೊಟ್ಟಿದ್ದೆ ಕಣವ್ವಾ” ಅಂದಳು. ಅವಳ ಸೊಸೆ ಅವಳ ಬಾಯಿ ಮುಚ್ಚಿಸಿದಳು.

ಅರುಣ ಸೋತ. ಸಿಟ್ಟಿನಲ್ಲಿ ಆ ಫೋನಿನ ವಿಷಯ ಕೂಗಿ ಹೇಳಿದವನು ಆಮೇಲೆ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಒಂದೇ ಮನೆಯಲ್ಲಿ ಶರಣ್ಯಾಳ ಕೈಲಿ, “ಅಜ್ಜಿಗೆ ಊಟಕ್ಕೆ ಬರೋಕೆ ಹೇಳು” ಅಂತ ಹೇಳಿಸುತ್ತಾನೆ. ನೋವಾಗುತ್ತದೆ ಕಣೇ, ಆಗುವುದಿಲ್ಲ ಅಂತ ಹೇಗೆ ಹೇಳಲಿ. ಆದರೆ ನಿನ್ನೊಳಗಿನ ಬಲೆಗೆ ನನ್ನ ಹೆಸರು ಕಟ್ಟಿರುವಾಗ ನಾನು ಸುಮ್ಮನೆ ಮುದ್ದೆ ನುಂಗುವುದು ಹೇಗೆ?

ಆಸ್ಪತ್ರೆಯವರು ಕಡೆಗೂ ಕಂಪ್ಯೂಟರಿನಿಂದ ತೆಗೆದು ಕೊಟ್ಟರು. ಯಾವ ಮೆಶ್, ಎಲ್ಲಿ ಹೊಲಿದರು, ಎಲ್ಲ ಇದೆ. ನಾವು ಸಹಿ ಹಾಕಿದ ಕಾಗದದಲ್ಲಿ ಮೆಶ್ ಅನ್ನುವ ಮಾತೇ ಇಲ್ಲ. ನನ್ನ ಪ್ರಮಾಣಪತ್ರ ಆಯಿತು. ಇನ್ನು ನಿನ್ನದೊಂದು ಬಾಕಿ. ಇಲ್ಲೇ ಒಬ್ಬ ದೊಡ್ಡ ಡಾಕ್ಟರಮ್ಮ ಇದನ್ನು ತೆಗೆಯುತ್ತಾರಂತೆ, ರಂಜಿನಿ ಮಾತಾಡಿದ್ದಾಳೆ. ನೀನು ಬರದಿದ್ದರೆ ನಾನು ಸುಮ್ಮಸುಮ್ಮನೆ ಮರ್ಯಾದೆ ಕಳೆದುಕೊಂಡ ಹಾಗಾಯಿತು.

ಬರುತ್ತೀಯೋ ಇಲ್ಲವೋ ಬರಿ. ಏಕವಚನದಲ್ಲಿ ಬರಿ.

ಹನುಮಕ್ಕ


ಲಕ್ಷ್ಮೇಶ್ವರ
೨೫ ಮಾರ್ಚ್ ೨೦೨೫

ಅಕ್ಕಾ,

ನಿನಗೆ ‘ಹನುಮಕ್ಕನವರಿಗೆ’ ಅಂತ ಬರೆದ ದಿನ ಉಣ್ಣಲಿಲ್ಲ ನಾನು. ನೀನು ಸಿಟ್ಟಾಗಲಿ, ಸಿಟ್ಟಾದರೆ ಬಿಡುತ್ತೀ ಅಂತ ಬೇಕೆಂದೇ ಹಾಗೆ ಬರೆದೆ. ಅರುಣನ ತಪ್ಪಿಲ್ಲ. ಅವನು ಹೆದರಿದ್ದು ನಿನಗಾಗಿ.

ಕೂತುಕೊಳ್ಳಲು ಆಗುತ್ತಿದೆಯಾ ಅಂತ ಕೇಳಿದ್ದೆಯಲ್ಲ. ಆಗುವುದಿಲ್ಲ ಅಕ್ಕಾ. ಎರಡು ವರ್ಷವಾಯಿತು. ಒಳಗೆ ಮುಳ್ಳು ಮುರಿದ ಹಾಗೆ. ಬಟ್ಟೆ ಕೆಂಪಾಗುತ್ತದೆ, ಈ ವಯಸ್ಸಿನಲ್ಲಿ ಅದನ್ನು ಸೊಸೆಗೆ ಕಾಣದ ಹಾಗೆ ಒಗೆಯುತ್ತೇನೆ. ನಮ್ಮ ಯಜಮಾನರು ಪಡಸಾಲೆಯಲ್ಲಿ ಮಲಗುತ್ತಾರೆ. ಕಾರಣ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ನನಗೆ ಅವರ ಮೇಲೆ ಬ್ಯಾಸರ, ಅವರಿಗೆ ನನ್ನ ಮೇಲೆ. ನಿನ್ನ ಕಾಗದ ಬಂದ ಮೇಲೆ ನಿನ್ನೆ ಎಲ್ಲ ಹೇಳಿದೆ. ಅವರು, “ಅವತ್ತು ನಾ ಕೆಳಗ ಬೆಂಚಿನ ಮ್ಯಾಲ ಕುಂತಿದ್ದೆ. ಮ್ಯಾಲ ಬಂದು ಒಂದು ಮಾತು ಕೇಳಬೇಕಿತ್ತು” ಅಂದರು. ಹೇಗೆ ಕೇಳುತ್ತಿದ್ದರು ಪಾಪ, ಅವರು ನಿನ್ನ ಅಣ್ಣ ಆಗಿದ್ದರಲ್ಲ.

ಕೆಂಗೇರಿಯ ದಿನಗಳನ್ನು ನೆನೆಸಿಕೊಂಡಾಗೆಲ್ಲ ಆ ಆಸ್ಪತ್ರೆಯ ವಾರವೇ ಮೊದಲು ನೆನಪಾಗುತ್ತಿತ್ತು ನನಗೆ. ಅಷ್ಟು ನಕ್ಕಿದ್ದೆವು. ಅದು ಹಾಳಾಗಬಾರದು ಅಂತಲೂ ನಿನಗೆ ಹೇಳಲಿಲ್ಲ.

ಯುಗಾದಿ ಮುಗಿಸಿ ಬರುತ್ತೇನೆ. ನನ್ನ ಹೆಸರಿನಲ್ಲೇ ಬರುತ್ತೇನೆ.

ದಾನಿ


ಕೆಂಗೇರಿ ಉಪನಗರ
೧ ಏಪ್ರಿಲ್ ೨೦೨೫

ದಾನಿ,

ಹೀಗೆ ಬರೆದೆಯಲ್ಲ, ಈಗ ನೀನು ನನ್ನ ದಾನಿ. ಓದಿ ಅತ್ತೆ. ಅತ್ತದ್ದು ಸಾಕು.

ಇವತ್ತು ನಮ್ಮ ಹೊಸತೊಡಕು, ಯುಗಾದಿಯ ಬಾಡೂಟ. ನಿನ್ನೆ ಸೋಮವಾರ ಅಂತ ಇವತ್ತಿಗೆ ಇಟ್ಟುಕೊಂಡೆವು. ಅರುಣ ಬೆಳಿಗ್ಗೆಯೇ ಕ್ಯೂ ನಿಂತು ಮಟನ್ ತಂದ. ಮನೆಯೆಲ್ಲ ಘಮ್ ಅಂತಿದೆ. ನಾನು ತಿಳಿಸಾರು ಅನ್ನ ಉಂಡೆ. ಶರಣ್ಯಾ ಯಾಕಜ್ಜಿ ಅಂದಳು. ನಿನ್ನ ಲಿಂಗ ಹಿಡಿಯುವ ಕೈ, ಈಗಿನಿಂದಲೇ ಮಡಿಯಾಗಿರಲಿ ಅಂತ. ಅವಳಿಗೆ ಹಾಗೇ ಹೇಳಿದೆ. ಅರುಣ ಕೇಳಿಸಿಕೊಂಡ. ತಟ್ಟೆ ನೋಡಿಕೊಂಡೇ, “ದಾನತ್ತೆ ರೈಲು ಎಷ್ಟೊತ್ತಿಗೆ?” ಅಂದ. ಅದು ನನ್ನನ್ನೇ ಕೇಳಿದ್ದು, ಶರಣ್ಯಾಳನ್ನಲ್ಲ.

ಕೆಂಗೇರಿ ಸ್ಟೇಷನ್ನಿನಲ್ಲೇ ಇಳಿ. ಅವನು ಕಾರು ತರುತ್ತಾನೆ. ಕೂರಲು ಮೆತ್ತಗೆ ದಿಂಬು ಹಾಕಿರುತ್ತೇನೆ.

ಹನುಮಕ್ಕ


ಲಕ್ಷ್ಮೇಶ್ವರ
೨ ಜುಲೈ ೨೦೨೫

ಹನುಮಕ್ಕಾ,

ಊರು ಮುಟ್ಟಿದೆ. ಅರುಣ ರೈಲು ಹತ್ತಿಸುವಾಗ ಕಟ್ಟಿಕೊಟ್ಟ ತಟ್ಟೆ ಇಡ್ಲಿ ಅರಸೀಕೆರೆ ದಾಟುವುದರೊಳಗೆ ಮುಗಿಯಿತು.

ಮೊನ್ನೆ ಆಯೋಗದಲ್ಲಿ ಆಸ್ಪತ್ರೆಯವರ ವಕೀಲರು ಎದ್ದು ನಿಂತು, ಈ ಹೆಣ್ಣುಮಗಳು ನಮ್ಮ ಪೇಷಂಟೇ ಅಲ್ಲ ಅಂದರು. ನೀನು ರಂಜಿನಿ ಹೇಳುವುದಕ್ಕೂ ಕಾಯದೆ ಎದ್ದುಬಿಟ್ಟೆ. “ಪೇಷಂಟು ಅವಳೇ ಸ್ವಾಮಿ, ಹೆಸ್ರು ಮಾತ್ರ ನಂದು” ಅಂದೆ. ಕೂತ್ಕೊಳ್ಳಮ್ಮಾ ಅಂತ ಬೈಸಿಕೊಂಡೆ. ಬಹಳ ದಿನ ನಡೆಯುತ್ತದೆ, ಗೆಲ್ಲುತ್ತೇವೆ ಅಂತ ಮಾತು ಕೊಡಲ್ಲ ಅಂತ ರಂಜಿನಿ ಹೇಳಿದ್ದಾಳೆ. ನಡೆಯಲಿ. ನನಗೆ ಈಗ ಎಷ್ಟು ದಿನವಾದರೂ ಕೂತು ಕಾಯಲು ಆಗುತ್ತದೆ. ಬಲೆ ತೆಗೆದರೂ ಅದರದೊಂದು ಚೂರು ಒಳಗೇ ಉಳಿದಿದೆ, ಅದನ್ನು ಕೆದಕುವುದು ಬೇಡ ಅಂತ ಡಾಕ್ಟರಮ್ಮ ಅಂದಿದ್ದಾರೆ. ನೋವು ಪೂರ್ತಿ ಹೋಗಿಲ್ಲ, ಆದರೆ ಇವತ್ತು ಬೆಳಿಗ್ಗೆ ನೆಲದ ಮೇಲೆ ಮಣೆ ಹಾಕಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿದೆ. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಒಂದು ಸಂಗತಿ ನಿನಗೆ ಹೇಳಿಲ್ಲ. ಈ ಸಲದ ಆಪರೇಷನ್ನಿನ ದಿನ ನಿನ್ನ ಕೈಗೆ ಲಿಂಗ ಕೊಟ್ಟ ಮೇಲೆ ನನ್ನನ್ನು ಒಳಗಿನ ಬಾಗಿಲ ಹತ್ತಿರ ಮಲಗಿಸಿದ್ದರು. ನರ್ಸು ಬಂದು ‘ದಾನಮ್ಮ’ ಅಂತ ಕರೆದಳು. ನಾನು ಮಾತಾಡಲಿಲ್ಲ. ಆಸ್ಪತ್ರೆ ಅಂದರೆ ಹನುಮಕ್ಕ ಅಂತಲೇ ಕರೆಯುತ್ತಾರೆ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತ್ತು, ಅದಕ್ಕೇ ಕಾಯುತ್ತಿದ್ದೆ. ಅವಳು ಇನ್ನೊಂದು ಸಲ ಜೋರಾಗಿ, “ಯಾರಮ್ಮಾ ದಾನಮ್ಮ?” ಅಂದಳು.

ಹೊರಗಿನ ಬೆಂಚಿನಿಂದ ನೀನು ‘ಓ’ ಅಂದೆ.

ನಿನ್ನ
ದಾನಮ್ಮ